ಐಟಿ ರಿಟರ್ನ್ ಪ್ರತಿ ವರ್ಷ ಕೊನೇ ವಾರಕ್ಕೆ ಬೀಳುತ್ತೆ: ಕೆಲಸವನ್ನು ಎಲ್ಲೆಲ್ಲಿ ತುಂಡು ಮಾಡಬೇಕು?

ತುಂಗಾತೀರ:
ಸಂಬಳದ ಆದಾಯ, ಎರಡು ಬ್ಯಾಂಕಿನಲ್ಲಿ ಎಫ್‌ಡಿ, ವರ್ಷದ ಮಧ್ಯೆ ಕಂಪನಿ ಬದಲಾವಣೆ. ಬೇರೆ ಆದಾಯ ಇಲ್ಲ. ಗಡುವು ಜುಲೈ 31. ಸಣ್ಣ ಸಣ್ಣದಾಗಿ ಮಾಡಿ ಅಂತಾರಲ್ಲ, ಹಾಗೇ ಪಟ್ಟಿ ಹಾಕಿದ್ದೇನೆ: ದಾಖಲೆ, ಲೆಕ್ಕ, ಫಾರಂ ತುಂಬೋದು, ಸಲ್ಲಿಕೆ. ಮೂರು ವಾರ ಆಯ್ತು, ಮೊದಲನೆಯದೇ ಮುಗಿದಿಲ್ಲ. ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುತ್ತೆ. ಪಟ್ಟಿಯಲ್ಲೇ ತಪ್ಪಿದೆಯಾ?

ಲೆಕ್ಕದಪುಸ್ತಕ:
ಪಟ್ಟಿಯಲ್ಲೇ ತಪ್ಪಿದೆ ಸರ್. "ದಾಖಲೆ" ಅನ್ನೋದು ಕೆಲಸವಲ್ಲ, ತಲೆಬರಹ. ಅದರೊಳಗೆ ಐದಾರು ಕೆಲಸ ಇವೆ, ಕೆಲವು ನಿಮ್ಮ ಕೈಯಲ್ಲೇ ಇಲ್ಲ. ಕೂತಾಗ ಎಲ್ಲಿಂದ ಶುರು ಮಾಡೋದು ಅಂತ ಮತ್ತೆ ಯೋಚಿಸಬೇಕಾಗುತ್ತೆ, ಅಲ್ಲೇ ನಾಳೆ ನೋಡೋಣ ಅನಿಸೋದು. ಅರ್ಧರ್ಧ ಗಂಟೆ ಅಂತ ಸಮನಾಗಿ ಕತ್ತರಿಸಬೇಡಿ. ಬೇರೆಯವರಿಗೆ ಕಾಯಬೇಕಾದ ಕಡೆ ಒಂದು ತುಂಡು, ತೀರ್ಮಾನ ತಗೋಬೇಕಾದ ಕಡೆ ಒಂದು ತುಂಡು. ಕಾಯೋದೆಲ್ಲ ಮೊದಲು ಬರಲಿ.

ಮೊದಲ ದಿನ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ಗೆ ಲಾಗಿನ್ ಆಗಿ ನೋಡಿ, ಅಷ್ಟೇ. ಯೂಸರ್ ಐಡಿ ನಿಮ್ಮ ಪಾನ್ ನಂಬರ್. ಕೊನೆಗೆ ರಿಟರ್ನ್ ದೃಢೀಕರಿಸೋಕೆ ಬೇಕಾಗುವ ಆಧಾರ್ ಒಟಿಪಿ ಈಗ ಬಳಸುವ ಮೊಬೈಲಿಗೇ ಬರುತ್ತಾ ಅಂತ ಅವತ್ತೇ ಗೊತ್ತಾಗಬೇಕು. ಹಳೇ ನಂಬರ್ ಇದ್ದರೆ ಅದನ್ನು ಬದಲಿಸಬೇಕು, ಅದಕ್ಕೆ ದಿನಗಳು ಹಿಡಿಯುತ್ತವೆ. ಜುಲೈ 30ಕ್ಕೆ ಗೊತ್ತಾದರೆ ಏನೂ ಮಾಡೋಕಾಗಲ್ಲ.

ಎರಡನೇ ದಿನ ಹಳೇ ಕಂಪನಿಯ ಎಚ್‌ಆರ್‌ಗೆ ಎರಡು ಸಾಲಿನ ಮೇಲ್: ಫಾರಂ 16 (ಸಂಬಳ ಮತ್ತು ಅದರಲ್ಲಿ ಕಡಿತವಾದ ತೆರಿಗೆಯ ಪ್ರಮಾಣಪತ್ರ) ಕಳಿಸಿ, ಭಾಗ ಎ ಮತ್ತು ಬಿ ಎರಡೂ ಬೇಕು. ಜೂನ್ 15ರೊಳಗೆ ಕೊಡಬೇಕಾದದ್ದು ಅವರ ಹೊಣೆ, ಸಂಕೋಚ ಬೇಡ. ಉತ್ತರಕ್ಕೆ ಕಾಯುತ್ತಾ ಮೂರನೇ ದಿನ ಫಾರಂ 26ಎಎಸ್ (ನಿಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ಇಲಾಖೆಗೆ ಗೊತ್ತಿರುವ ನಿಮ್ಮ ಆದಾಯ, ವ್ಯವಹಾರಗಳ ಪಟ್ಟಿ) ಇಳಿಸಿಕೊಳ್ಳಿ. ಎಐಎಸ್ ಪಿಡಿಎಫ್ ಪಾಸ್‌ವರ್ಡ್ ಕೇಳುತ್ತೆ: ಪಾನ್ ಸಣ್ಣ ಅಕ್ಷರದಲ್ಲಿ, ಅದಕ್ಕೆ ಅಂಟಿಕೊಂಡಂತೆ ಹುಟ್ಟಿದ ದಿನ, ತಿಂಗಳು, ವರ್ಷ, ಒಟ್ಟು ಎಂಟು ಅಂಕಿ. ಫೈಲ್ ತೆರೆಯಲಿಲ್ಲ ಅಂತ ಇಲ್ಲಿಗೇ ಬಿಟ್ಟುಬಿಡೋರು ಬಹಳ ಜನ.

ನಾಲ್ಕನೇ ದಿನ ಎರಡೂ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ, ನೆಟ್ ಬ್ಯಾಂಕಿಂಗ್‌ನಲ್ಲೇ ಸಿಗುತ್ತೆ. ಅವತ್ತೇ ಪೋರ್ಟಲ್‌ನಲ್ಲಿ ರಿಫಂಡ್ ಬರಬೇಕಾದ ಖಾತೆಯನ್ನು ವ್ಯಾಲಿಡೇಟ್ (ಖಾತೆ ನಿಮ್ಮದೇ ಅಂತ ದೃಢೀಕರಣ) ಮಾಡೋಕೆ ಹಾಕಿಬಿಡಿ. ಪಾನ್‌ನಲ್ಲಿರುವ ಹೆಸರು, ಬ್ಯಾಂಕಿನ ಹೆಸರು ಹೊಂದದಿದ್ದರೆ ಅದು ತಿರಸ್ಕಾರ ಆಗುತ್ತೆ.

ಇನ್ನು ನಿಮ್ಮ ಕೇಸಿನ ನಿಜವಾದ ಗಂಟು. ಹೊಸ ಕಂಪನಿಗೆ ಹಳೇ ಸಂಬಳದ ವಿವರ ಕೊಟ್ಟಿಲ್ಲದಿದ್ದರೆ ಎರಡೂ ಕಡೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆಲ್ಲ ಸಿಗುವ ನಿಗದಿತ ಕಡಿತ) ಕಳೆದು, ಎರಡೂ ಕಡೆ ತೆರಿಗೆ ದರದ ಹಂತ (ಸ್ಲ್ಯಾಬ್) ಸೊನ್ನೆಯಿಂದ ಶುರು ಮಾಡಿರುತ್ತಾರೆ. ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ಆದರೆ ಹೆಚ್ಚಿನ ವಿನಾಯಿತಿ ಇಲ್ಲ) ಈ ಕಡಿತದ 75,000 ಒಂದೇ ಸಲ ಸಿಗೋದು. ಎರಡು ಫಾರಂ 16 ಕೂಡಿದಾಗ ತೆರಿಗೆ ಬಾಕಿ ಏಳುತ್ತೆ. ಹಾಗಾಗಿ ಲೆಕ್ಕ ಮಾಡೋದು ಒಂದು ತುಂಡು, ಬಾಕಿಯನ್ನು ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ (ನಾವೇ ಲೆಕ್ಕ ಹಾಕಿ ಕಟ್ಟುವ ತೆರಿಗೆ) ಅಂತ ಕಟ್ಟಿ ಚಲನ್ ಇಟ್ಟುಕೊಳ್ಳೋದು ಇನ್ನೊಂದು ತುಂಡು. ಎರಡನ್ನೂ ಫಾರಂ ತುಂಬುವ ದಿನಕ್ಕೆ ಸೇರಿಸಿದರೆ ದೊಡ್ಡ ಮೊತ್ತ ನೋಡಿ ಗಾಬರಿಯಾಗಿ ಎದ್ದುಬಿಡ್ತೀರಿ.

ತುಂಗಾತೀರ:
ಬಡ್ಡಿ ಎಐಎಸ್‌ನಲ್ಲೇ ಕಾಣುತ್ತಲ್ಲ, ಬ್ಯಾಂಕ್ ಪ್ರಮಾಣಪತ್ರ ಯಾಕೆ? ಮತ್ತೆ ಹಳೇ ಪದ್ಧತಿ, ಹೊಸ ಪದ್ಧತಿ ಯಾವಾಗ ನೋಡಲಿ?

ಲೆಕ್ಕದಪುಸ್ತಕ:
ಎಐಎಸ್‌ನಲ್ಲಿ ಕೆಲವೊಮ್ಮೆ ಬಡ್ಡಿ ಬಿಟ್ಟುಹೋಗಿರುತ್ತೆ, ಕೆಲವೊಮ್ಮೆ ಎರಡು ಸಲ ಬಂದಿರುತ್ತೆ. ತಾಳೆ ನೋಡೋಕೆ ಇನ್ನೊಂದು ಕಾಗದ ಬೇಕೇ ಬೇಕು.

ಪದ್ಧತಿಯ ತೀರ್ಮಾನಕ್ಕೆ ಬೇರೆಯೇ ಒಂದು ದಿನ ಇಡಿ. ಬಾಡಿಗೆ ರಸೀದಿ, 80ಸಿಯ (ಉಳಿತಾಯಕ್ಕೆ ವಿನಾಯಿತಿ ಕೊಡುವ ಸೆಕ್ಷನ್) 1.5 ಲಕ್ಷದವರೆಗಿನ ಹೂಡಿಕೆ, ವಿಮೆ ಕಂತು ಕೈಯಲ್ಲಿದ್ದರೆ ಮಾತ್ರ ಹಳೇ ಪದ್ಧತಿ ಲೆಕ್ಕ ಹಾಕಿ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮನೆ ಮಾಲೀಕರ ಪಾನ್ ಕೂಡ ಬೇಕು, ಅದನ್ನು ಈಗಲೇ ಕೇಳಿಡಿ. ಗಡುವು ದಾಟಿಸಿ ಹಾಕಿದ ರಿಟರ್ನ್‌ನಲ್ಲಿ ಹಳೇ ಪದ್ಧತಿ ಆರಿಸಿಕೊಳ್ಳೋಕೆ ಆಗಲ್ಲ. ಮುಂದೂಡಿದ್ದಕ್ಕೆ ನಿಜವಾಗಿ ದುಡ್ಡು ಹೋಗೋದು ಹೆಚ್ಚಾಗಿ ಇಲ್ಲೇ. ಇದರ ಮೇಲೆ ತಡದ ಶುಲ್ಕ 5,000 (ಆದಾಯ 5 ಲಕ್ಷದೊಳಗಿದ್ದರೆ 1,000), ಬಾಕಿ ತೆರಿಗೆಗೆ ತಿಂಗಳಿಗೆ ಶೇ 1 ಬಡ್ಡಿ.

ಬೆಳಗಿನಪಾಳಿ:
ಲೆಕ್ಕದ ಭಾಗ ಮೇಲಿನವರು ಹೇಳಿದ್ದಾರೆ, ಕೂರುವ ಭಾಗ ನಾನು ಹೇಳ್ತೀನಿ. ಪ್ರತಿ ತುಂಡೂ ಕ್ರಿಯಾಪದದಲ್ಲಿ ಮುಗಿಯಲಿ: ಇಳಿಸು, ಕಳಿಸು, ಕೂಡು, ಕಟ್ಟು. ಮುಗಿದದ್ದಕ್ಕೆ ಕಣ್ಣಿಗೆ ಕಾಣುವ ಗುರುತು ಇರಲಿ, ಉದಾಹರಣೆಗೆ ಫೋಲ್ಡರ್‌ನಲ್ಲಿ ಒಂದು ಪಿಡಿಎಫ್. "ನೋಡಬೇಕು", "ವಿಚಾರಿಸಬೇಕು" ಅಂತ ಬರೆದರೆ ಅದು ಯಾವತ್ತೂ ಮುಗಿಯಲ್ಲ.

ಇಷ್ಟೇ ಸಾಲದು, ಪ್ರತಿ ತುಂಡನ್ನೂ ದಿನಾ ಮಾಡುವ ಯಾವುದಾದರೂ ಕೆಲಸದ ಬೆನ್ನಿಗೆ ಕಟ್ಟಿ. "ರಾತ್ರಿ ಊಟದ ತಟ್ಟೆ ತೊಳೆದಿಟ್ಟ ತಕ್ಷಣ, ಹಾಲ್‌ನ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆಗೆದು ಎಐಎಸ್ ಇಳಿಸ್ತೀನಿ." ಇದಾದ ಕೂಡಲೇ ಇದು ಅನ್ನುವ ಈ ಬಗೆಯ ಯೋಜನೆಯ ಬಗ್ಗೆ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲೇ ವಿವರವಾಗಿ ಬರೆದಿದ್ದಾರೆ. ಸುಮ್ಮನೆ "ಈ ವಾರ ಮಾಡ್ತೀನಿ" ಅನ್ನೋದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತೆ, ಯಾಕಂದ್ರೆ ಯಾವಾಗ ಶುರು ಮಾಡಲಿ ಅನ್ನೋ ಚೌಕಾಸಿಗೆ ಅಲ್ಲಿ ಜಾಗವೇ ಇಲ್ಲ.

ಅತಿಯಾಗಿ ಕತ್ತರಿಸಬೇಡಿ. 40 ಸಾಲಿನ ಪಟ್ಟಿ ಮಾಡಿ, ಬಣ್ಣ ಹಚ್ಚಿ, ಕೆಲಸ ಆಯ್ತು ಅನ್ನೋ ಸಮಾಧಾನದಲ್ಲಿ ಮಲಗೋದೂ ಮುಂದೂಡಿಕೆಯೇ. ಈ ಕೆಲಸಕ್ಕೆ ಹತ್ತು ಸಾಲು ಸಾಕು. ಏಳುವ ಮುಂಚೆ ಮುಂದಿನ ತುಂಡನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಮೇಲೆ ಇಟ್ಟುಬಿಡಿ. ನಾಳೆ ಮತ್ತೆ ಎಲ್ಲಿದ್ದೆ ಅಂತ ಹುಡುಕಬೇಕಾಗಲ್ಲ.

ಲೆಕ್ಕದಪುಸ್ತಕ:
ಆ ಹತ್ತರಲ್ಲಿ ಕೊನೆಯ ಸಾಲು "ಸಲ್ಲಿಸು" ಅಲ್ಲ, "ಇ-ವೆರಿಫೈ ಮಾಡು" (ಆನ್‌ಲೈನ್‌ನಲ್ಲೇ ದೃಢೀಕರಿಸು). ಸಲ್ಲಿಸಿದ 30 ದಿನದೊಳಗೆ ಆಗಲೇಬೇಕು, ಇಲ್ಲದಿದ್ದರೆ ಸಲ್ಲಿಸಿದ ದಿನ ಲೆಕ್ಕಕ್ಕೇ ಬರಲ್ಲ. ಆಧಾರ್ ಒಟಿಪಿ ಬಂದರೆ ಎರಡು ನಿಮಿಷದ ಕೆಲಸ. ಬರದೇ ಇದ್ದರೆ ಐಟಿಆರ್-ವಿ (ರಿಟರ್ನ್ ದೃಢೀಕರಣ ಪತ್ರ) ಮುದ್ರಿಸಿ, ಸಹಿ ಹಾಕಿ, ಬೆಂಗಳೂರಿನ ಸಿಪಿಸಿಗೆ (ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಪಿನ್ 560500) ಸ್ಪೀಡ್ ಪೋಸ್ಟ್ ಮಾಡಿ. ಅದೂ 30 ದಿನದೊಳಗೆ ಅಲ್ಲಿ ತಲುಪಿರಬೇಕು.