ಸಹಾಯ ಬೇಕು: ವಿಟಮಿನ್ ಡಿ 11, ಟೆಸ್ಟೋಸ್ಟಿರಾನ್ ಕೂಡ ಕಮ್ಮಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು, ವಯಸ್ಸು 39, ಅಡಿಕೆ ತೋಟ ಇದೆ. ಸ್ವಲ್ಪ ಮುಜುಗರದ ವಿಷಯ, ಆದರೂ ಕೇಳ್ತಿದ್ದೇನೆ.

ಜೂನ್‌ನಿಂದ ಒಂದೇ ಸಮ ಸುಸ್ತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸೋ ದಿನ ಪೈಪ್ ಎಳೆಯೋದಕ್ಕೂ ಆಗ್ಲಿಲ್ಲ. ಆಸಕ್ತಿಯೂ ಇಳಿದಿದೆ, ಯಾವುದರಲ್ಲಿ ಅಂತ ಅರ್ಥ ಮಾಡ್ಕೊಳ್ಳಿ. ಶಿವಮೊಗ್ಗದಲ್ಲಿ ರಕ್ತ ಕೊಟ್ಟೆ: ವಿಟಮಿನ್ ಡಿ 11 ಬಂತು (20ಕ್ಕಿಂತ ಕೆಳಗಿದ್ದರೆ ಕೊರತೆ), ಟೆಸ್ಟೋಸ್ಟಿರಾನ್ (ಗಂಡಸರ ಹಾರ್ಮೋನ್) 270. ಡಿ ಕಮ್ಮಿಯಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಮಳೆಗಾಲದಲ್ಲಿ ನಮಗೆ ಬಿಸಿಲು ಕಂಡರೆ ಹಬ್ಬ, ಉಳಿದ ದಿನ ತೋಟದ ನೆರಳು.

ವೃಷಣದಲ್ಲಿ ಟೆಸ್ಟೋಸ್ಟಿರಾನ್ ತಯಾರಿಸುವ ಲೇಡಿಗ್ ಕೋಶಗಳಲ್ಲೂ ವಿಟಮಿನ್ ಡಿ ಗ್ರಾಹಕಗಳು (ರಿಸೆಪ್ಟರ್, ಅಂದರೆ ಡಿ ಬಂದು ಅಂಟಿಕೊಳ್ಳೋ ಜಾಗ) ಇವೆ ಅಂತ ಓದಿದೆ. ಡಿ ಕಮ್ಮಿ ಇರುವ ಗಂಡಸರಲ್ಲಿ ಈ ಹಾರ್ಮೋನ್ ಕೂಡ ಕಮ್ಮಿ ಕಾಣೋದುಂಟು. ಆದರೆ ಡಿ ಕೊಟ್ಟು ನೋಡಿದ ಪ್ರಯೋಗಗಳು ಒಂದೇ ಮಾತು ಹೇಳೋದಿಲ್ಲ, ಕೆಲವರಲ್ಲಿ ಏರಿದೆ, ಕೆಲವರಲ್ಲಿ ಏನೂ ಆಗಿಲ್ಲ. ಬೊಜ್ಜಿದ್ದರೆ ಎರಡೂ ಇಳಿಯುತ್ತವೆ. ನನಗೂ ಹೊಟ್ಟೆ ಬಂದಿದೆ, ಸುಳ್ಳು ಯಾಕೆ.

ಡಾಕ್ಟರು ವಾರಕ್ಕೊಂದು ಡಿ 60,000 ಐಯು (ವಿಟಮಿನ್ ಅಳೆಯೋ ಯೂನಿಟ್), 8 ವಾರ ಬರೆದಿದ್ದಾರೆ. ಮಧ್ಯಾಹ್ನ ಊಟದ ಜೊತೆ ತಗೊಳ್ತಿದ್ದೇನೆ. ಒಂದು ಎಡವಟ್ಟಾಗಿದೆ: ರಕ್ತ ಕೊಟ್ಟಿದ್ದು ಸಂಜೆ 4ಕ್ಕೆ. ಟೆಸ್ಟೋಸ್ಟಿರಾನ್ ಬೆಳಿಗ್ಗೆ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ದಿನ ನೋಡಬೇಕಂತೆ.

ಡಿ ಸರಿಯಾದ ಮೇಲೆ ಯಾರಿಗಾದರೂ ಹಾರ್ಮೋನ್ ತಾನಾಗೇ ಏರಿದ್ದುಂಟಾ? ಕೋರ್ಸ್ ಮುಗಿಯೋವರೆಗೆ ಕಾಯಲಾ, ಈಗಲೇ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟರ್) ಹತ್ರ ಹೋಗಲಾ? ನಮ್ಮ ಭಾವ ಡಿ ಇಂಜೆಕ್ಷನ್ನೂ ಹಾಕಿಸ್ಕೋ ಅಂತಿದ್ದಾರೆ. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ, ಅದಕ್ಕೇ ಹಿಂಜರಿದಿದ್ದೇನೆ. ಅನುಭವ ಇದ್ದವರು ಹೇಳಿ, ಇನ್‌ಬಾಕ್ಸ್‌ಗೆ ಬಂದರೂ ಸರಿ.