ಜೂನ್ 17ರ ಸ್ಮರಣೆ ಸಭೆಗೆ ಮಗನನ್ನು ಕಳಿಸಬೇಕಾ?

ಎಲ್ಲರಿಗೂ ನಮಸ್ಕಾರ. ಚಾರ್ಲ್ಸ್‌ಟನ್‌ನ ಚರ್ಚ್‌ನಲ್ಲಿ ಗುಂಡೇಟಿಗೆ ಸತ್ತ ಒಂಬತ್ತು ಕಪ್ಪು ಜನರ ಸ್ಮರಣೆ ಸಭೆ ಮಗನ ಗೆಳೆಯನ ಚರ್ಚ್‌ನಲ್ಲಿ ಜೂನ್ 17ಕ್ಕೆ ಇದೆ, ಕಳಿಸಬೇಕಾ ಬೇಡವಾ ಎಂದು ಒಬ್ಬ ತಾಯಿ ನಮ್ಮ ಈ ಕನ್ನಡಿಗರ ಗುಂಪಿನಲ್ಲಿ ಕೇಳಿದ್ದಾರೆ. "ಅದು ಅವರವರ ಜಗಳ, ನಮಗ್ಯಾಕೆ" ಎಂಬ ಉತ್ತರವೇ ಜಾಸ್ತಿ ಬಂದಿದೆ. ನಾನು ಧಾರವಾಡದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಮನೆತನದವಳು. ಈಗ ಸೌತ್ ಕೆರೊಲಿನಾದಲ್ಲಿ, ಹೆಚ್ಚು ಕಡಿಮೆ ಬಿಳಿಯರೇ ತುಂಬಿರುವ ಒಂದು ಲುಥೆರನ್ ಚರ್ಚ್‌ಗೆ ಹೋಗುತ್ತೇವೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಡೆದದ್ದೇನು ಎಂದು ಹೇಳಿಬಿಡುತ್ತೇನೆ, ಈಚೆಗೆ ಬಂದವರಿಗೆ ಗೊತ್ತಿರಲಿಕ್ಕಿಲ್ಲ. 2015ರ ಜೂನ್ 17, ಬುಧವಾರ ಸಂಜೆ. ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ, ಎಎಂಇ (ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್) ಎಂಬ ಕಪ್ಪು ಜನರ ಪಂಥದ ಇಮ್ಯಾನುಯೆಲ್ ಚರ್ಚ್‌ನಲ್ಲಿ ಬೈಬಲ್ ಅಧ್ಯಯನ ನಡೆದಿತ್ತು. 21 ವರ್ಷದ ಒಬ್ಬ ಬಿಳಿಯ ಹುಡುಗ ಒಳಗೆ ಬಂದ. ಅವನನ್ನು ಕರೆದು ಕೂರಿಸಿಕೊಂಡರು. ಸುಮಾರು ಒಂದು ಗಂಟೆ ಅವರ ಜೊತೆಯೇ ಕೂತಿದ್ದ. ಕೊನೆಯ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ, ಕಪ್ಪು ಜನರ ಮೇಲಿನ ದ್ವೇಷದಿಂದ ಗುಂಡು ಹಾರಿಸಿದ. ಒಂಬತ್ತು ಜನ ಸತ್ತರು. ಪಾಸ್ಟರ್ ಕ್ಲೆಮೆಂಟಾ ಪಿಂಕ್ನಿ ಅವರಲ್ಲಿ ಒಬ್ಬರು, ಅವರು ರಾಜ್ಯದ ಸೆನೆಟರ್ ಕೂಡ. ಅತಿ ಹಿರಿಯರಿಗೆ 87 ವರ್ಷ, ಅತಿ ಕಿರಿಯನಿಗೆ 26.

ಎರಡು ದಿನಗಳ ನಂತರ ಕೋರ್ಟಿನಲ್ಲಿ, ಸತ್ತವರಲ್ಲಿ ಒಬ್ಬರಾದ ಎಥೆಲ್ ಲ್ಯಾನ್ಸ್ ಅವರ ಮಗಳು ಕೊಂದವನಿಗೆ "ನಿನ್ನನ್ನು ಕ್ಷಮಿಸಿದ್ದೇನೆ" ಎಂದರು. ಇನ್ನೂ ಕೆಲವರು ಅದನ್ನೇ ಹೇಳಿದರು. ಇಡೀ ದೇಶ ಅದನ್ನೇ ಹಿಡಿದುಕೊಂಡಿತು. ಆದರೆ ಎಥೆಲ್ ಅವರ ಇನ್ನೊಬ್ಬ ಮಗಳು ಶ್ಯಾರನ್ ರಿಶರ್, ತಾವೇ ಧರ್ಮಸೇವಕಿ, ಅಷ್ಟು ಬೇಗ ಕ್ಷಮಿಸಲು ತಮ್ಮಿಂದ ಆಗದು ಎಂದರು. ಅವರಿಗೆ ವರ್ಷಗಳೇ ಬೇಕಾದವು. ಒಂದೇ ತಾಯಿಯ ಮಕ್ಕಳು, ಒಂದೇ ದೇವರನ್ನು ನಂಬಿದವರು. ನನಗೆ ಇಬ್ಬರ ಮೇಲೂ ಗೌರವವಿದೆ. ಸಿಟ್ಟು ಬರುವುದು ಬೇರೆ ಕಡೆ. ನೊಂದವರು ಕ್ಷಮಿಸಿಬಿಟ್ಟರಲ್ಲ, ಇನ್ನೇನು ಎಲ್ಲ ಮುಗಿಯಿತು ಎಂದು ಮನೆಗೆ ಹೋದ ಚರ್ಚ್‌ಗಳಿವೆಯಲ್ಲ, ಅವುಗಳ ಮೇಲೆ. ಕ್ಷಮೆ ಅವರ ಪಾಲಿನ ಕೆಲಸ. ನಮ್ಮ ಪಾಲಿನದು ಯಾವುದು ಎಂದು ಉಳಿದ ಚರ್ಚ್‌ಗಳು ಕೇಳಿಕೊಳ್ಳಬೇಕಿತ್ತು, ಅಲ್ವಾ?

ನಮ್ಮ ಲುಥೆರನ್ ಪಂಥಕ್ಕೆ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗಲೇ ಇಲ್ಲ. ಕೊಂದವನು ನಮ್ಮದೇ ಪಂಥದ ಒಂದು ಸಭೆಯ ಸದಸ್ಯ. ಸತ್ತ ಪಿಂಕ್ನಿ ಮತ್ತು ಡೇನಿಯಲ್ ಸಿಮನ್ಸ್ ಇಬ್ಬರೂ ಓದಿದ್ದು ನಮ್ಮದೇ ಸೆಮಿನರಿಯಲ್ಲಿ, ಅಂದರೆ ಪಾಸ್ಟರ್ ಆಗಲು ಓದುವ ಕಾಲೇಜಿನಲ್ಲಿ. ಆಗ ನಮ್ಮ ಪಂಥದ ಮುಖ್ಯ ಬಿಷಪ್ ಆಗಿದ್ದ ಎಲಿಜಬೆತ್ ಈಟನ್ ಇದನ್ನು ಮುಚ್ಚಿಡಲಿಲ್ಲ, ಬಹಿರಂಗವಾಗಿಯೇ ಬರೆದರು. 2019ರಲ್ಲಿ ಪಂಥದ ಮಹಾಸಭೆ ಗುಲಾಮಗಿರಿಯಲ್ಲಿ ತನ್ನ ಪಾಲಿಗೆ ಕ್ಷಮೆ ಕೇಳಿತು, ಜೂನ್ 17ನ್ನು ಆ ಒಂಬತ್ತು ಜನರ ಸ್ಮರಣೆಯ ದಿನ ಮಾಡಿತು. ಅದು ಸಾಕೇ? ಸಾಲದು. ಈ ಪಂಥ ಈಗಲೂ ಅಮೆರಿಕದಲ್ಲಿ ಅತಿ ಹೆಚ್ಚು ಬಿಳಿಯರೇ ಇರುವ ಪಂಥಗಳಲ್ಲಿ ಒಂದು. ಭಾನುವಾರ ಬೆಳಿಗ್ಗೆ ನಮ್ಮ ಬೆಂಚಿನಲ್ಲಿ ಕೂತು ಸುತ್ತ ನೋಡಿದರೆ ಅದು ಕಾಣುತ್ತದೆ. ಆದರೂ "ಅವನು ನಮ್ಮವನಲ್ಲ" ಎಂದು ಕೈ ತೊಳೆದುಕೊಳ್ಳಲಿಲ್ಲವಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು.

ಎಎಂಇ ಪಂಥ ಹುಟ್ಟಿದ್ದೇ ಚರ್ಚ್‌ನೊಳಗಿನ ಭೇದದಿಂದ ಎಂಬುದೂ ಮಕ್ಕಳಿಗೆ ಗೊತ್ತಿರಲಿ. ಫಿಲಡೆಲ್ಫಿಯಾದಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕಪ್ಪು ಜನರನ್ನು ಬಿಳಿಯರು ಹಿಡಿದೆಬ್ಬಿಸಿದರು. ರಿಚರ್ಡ್ ಆಲೆನ್ ಮತ್ತು ಸಂಗಡಿಗರು ಹೊರನಡೆದರು. 1816ರಲ್ಲಿ ತಮ್ಮದೇ ಪಂಥ ಕಟ್ಟಿದರು. ಕ್ರೈಸ್ತರಾದ ಮೇಲೂ ಜಾತಿಗೊಂದು ಬೆಂಚು, ಜಾತಿಗೊಂದು ಸ್ಮಶಾನ ಇದ್ದ ನಾಡಿನಿಂದ ಬಂದ ನಮಗೆ ಇದು ಅರ್ಥವಾಗದ ಕಥೆಯೇನಲ್ಲ.

ಹೇಳಿಕೆ ಬಿಟ್ಟು ಕೆಲಸ ಮಾಡಿದ ಚರ್ಚ್ ಬೇಕೆಂದರೆ ನಾನು ಬಾಸ್ಟನ್ ಕಡೆ ನೋಡುತ್ತೇನೆ. 1992ರಲ್ಲಿ ಅಲ್ಲಿನ ಮಾರ್ನಿಂಗ್ ಸ್ಟಾರ್ ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ ಸತ್ತ ಹುಡುಗನೊಬ್ಬನ ಅಂತ್ಯಸಂಸ್ಕಾರ ನಡೆಯುವಾಗಲೇ ಗ್ಯಾಂಗ್ ಹುಡುಗರು ಒಳನುಗ್ಗಿ ಒಬ್ಬನನ್ನು ಇರಿದರು. ಬಾಗಿಲು ಹಾಕಿಕೊಂಡು ಕೂರುವುದು ಸುಲಭವಿತ್ತು. ಯೂಜೀನ್ ರಿವರ್ಸ್, ಜೆಫ್ರಿ ಬ್ರೌನ್, ರೇ ಹ್ಯಾಮಂಡ್ ಮುಂತಾದ ಪಾಸ್ಟರ್‌ಗಳು ಬೀದಿಗಿಳಿದರು. ರಾತ್ರಿ ಹೊತ್ತು ಹುಡುಗರು ನಿಲ್ಲುವ ಮೂಲೆಗಳಿಗೇ ಹೋದರು. ಶುರುವಿನಲ್ಲಿ ಉಪದೇಶ ಮಾಡಲಿಲ್ಲ, ಸುಮ್ನೆ ಕೇಳಿಸಿಕೊಂಡರು. ತಾವು ಮೊದಲು ಬೈಯುತ್ತಿದ್ದ ಪೊಲೀಸರ ಜೊತೆಗೂ ಆಮೇಲೆ ಮಾತಿಗೆ ಕೂತರು. ಹೀಗೆ ಟೆನ್‌ಪಾಯಿಂಟ್ ಎಂಬ ಪಾಸ್ಟರ್‌ಗಳ ಒಕ್ಕೂಟ ಬೆಳೆಯಿತು. ಬಾಸ್ಟನ್‌ನಲ್ಲಿ 1990ರಲ್ಲಿ 152 ಕೊಲೆಗಳಾಗಿದ್ದವು, 1999ರಲ್ಲಿ 31. ಎಲ್ಲವೂ ಪಾಸ್ಟರ್‌ಗಳಿಂದಲೇ ಆಯಿತು ಎಂದಲ್ಲ, ಪೊಲೀಸರ ಹೊಸ ಕ್ರಮಗಳೂ ಇದ್ದವು. ಆದರೆ ಆ ಹುಡುಗರು ನಂಬುವ ಒಬ್ಬ ದೊಡ್ಡವರು ನಡುವೆ ಬೇಕಿತ್ತು. ಆ ಜಾಗದಲ್ಲಿ ಚರ್ಚ್ ನಿಂತಿತು.

ಕಾನೂನಿನ ಮಾತೂ ಇದೆ. ಸೌತ್ ಕೆರೊಲಿನಾದಲ್ಲಿ ದ್ವೇಷ ಅಪರಾಧದ (ಜನಾಂಗ, ಧರ್ಮದಂಥ ದ್ವೇಷದಿಂದ ಮಾಡಿದ ಅಪರಾಧಕ್ಕೆ ಹೆಚ್ಚು ಶಿಕ್ಷೆ ಕೊಡುವ) ಮಸೂದೆಗೆ ಪಿಂಕ್ನಿ ಅವರ ಹೆಸರನ್ನೇ ಇಟ್ಟರು. 2021ರಲ್ಲಿ, ಮತ್ತೆ 2023ರಲ್ಲಿ ಕೆಳಮನೆ ಒಪ್ಪಿತು. ಎರಡು ಸಲವೂ ಸೆನೆಟ್‌ನಲ್ಲಿ ನಿಂತುಹೋಯಿತು. ಪಿಂಕ್ನಿ ಕೂತಿದ್ದ ಅದೇ ಸೆನೆಟ್. ಪ್ರಾರ್ಥನೆಗೆ ಸೇರುವ ಚರ್ಚ್‌ಗಳು ತಮ್ಮ ಸೆನೆಟರ್‌ಗೆ ಒಂದು ಫೋನ್ ಕೂಡ ಮಾಡಬೇಕು ಎಂದು ನಾನು ನಮ್ಮ ಸಭೆಯಲ್ಲಿ ಹೇಳುತ್ತಲೇ ಇರುತ್ತೇನೆ.

ಈಗ "ನಮಗ್ಯಾಕೆ" ಎನ್ನುವವರಿಗೆ. 2012ರಲ್ಲಿ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರಕ್ಕೆ ನುಗ್ಗಿ ಕೊಂದವನೂ ಬಿಳಿಯರೇ ಮೇಲು ಎಂಬ ಇದೇ ವಿಷ ಕುಡಿದವನು. 2017ರಲ್ಲಿ ಕ್ಯಾನ್ಸಸ್‌ನ ಓಲೇಥದಲ್ಲಿ ಭಾರತದ ಎಂಜಿನಿಯರ್ ಶ್ರೀನಿವಾಸ್ ಕೂಚಿಭೋಟ್ಲ ಅವರನ್ನು ಕೊಂದವನು ಮೊದಲು ಕೇಳಿದ್ದು ವೀಸಾ ಬಗ್ಗೆ. ನಮ್ಮಂಥವರಿಗೆ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದದ್ದೂ ಕಪ್ಪು ಜನರ ಹಕ್ಕಿನ ಹೋರಾಟದ ಕಾಲದಲ್ಲೇ, ಅದರ ಬಲದಿಂದಲೇ. ಆ ಹೋರಾಟ ಎದ್ದದ್ದು ಬಹುಪಾಲು ಅವರ ಚರ್ಚ್‌ಗಳಿಂದ. ಇಷ್ಟಾದರೂ ಮನೆ ಹುಡುಕುವಾಗ ನಮ್ಮ ಗುಂಪಿನಲ್ಲೇ "ಆ ಏರಿಯಾ ಬೇಡ, ಕರಿಯರು ಜಾಸ್ತಿ" ಎಂದು ಬರೆಯುತ್ತಾರೆ. ಮಕ್ಕಳು ಪಕ್ಕದಲ್ಲೇ ಕೂತು ಓದುತ್ತಾರೆ. ಆಮೇಲೆ ನಾವು ಎಷ್ಟು ಪಾಠ ಹೇಳಿದರೂ ಅವರು ಕಲಿಯುವುದು ಅದನ್ನೇ.

ಅದಕ್ಕೆ, ಪ್ರಶ್ನೆ ಕೇಳಿದ ಸೋದರಿಗೆ: ಕಳಿಸಿ. ಒಬ್ಬನನ್ನೇ ಅಲ್ಲ, ನೀವಿಬ್ಬರೂ ಹೋಗಿ. ಧರ್ಮ ಬದಲಿಸಿಬಿಡುತ್ತಾರೆ ಎಂಬ ಹೆದರಿಕೆ ಬೇಡ. ಅಲ್ಲಿ ನಡೆಯುವುದು ಸತ್ತವರ ಹೆಸರು ಓದುವುದು, ಹಾಡು, ಪ್ರಾರ್ಥನೆ. ಬೇಡವೆನಿಸಿದ್ದಕ್ಕೆ ಸುಮ್ಮನೆ ಕೂತಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಮಗನಿಗೆ ಮೊದಲೇ ನಡೆದದ್ದನ್ನು ಅವನ ವಯಸ್ಸಿಗೆ ತಕ್ಕಂತೆ ಹೇಳಿ, ಅಲ್ಲಿಯೇ ಮೊದಲ ಸಲ ಕೇಳುವಂತಾಗಬಾರದು. ಸಭೆ ಮುಗಿದ ಮೇಲೆ ಊಟವಿದ್ದರೆ ನಿಂತು ಉಣ್ಣಿ, ಗೆಳೆಯನ ಅಪ್ಪ ಅಮ್ಮನ ಹತ್ತಿರ ಮಾತಾಡಿ. ಮುಂದಿನ ತಿಂಗಳು ಅವರನ್ನು ನಿಮ್ಮ ಮನೆಗೆ ಕರೆಯಿರಿ. ನಮ್ಮ ರಾಜ್ಯದ ಕೊಲಂಬಿಯಾ ಊರಿನ ಸುತ್ತಮುತ್ತ ಇರುವವರು ಯಾರಾದರೂ ಸಭೆಗೆ ಬರುವುದಾದರೆ ತಿಳಿಸಿ, ನಮ್ಮ ಕಾರಿನಲ್ಲಿ ಮೂರು ಜನಕ್ಕೆ ಜಾಗವಿದೆ.