ಐಸ್‌ಕ್ರೀಮ್ ಮೆಷಿನ್‌ನ ಹುಳಿ ವಾಸನೆ ಹೋಗುತ್ತಿಲ್ಲ, ನೀವು ಹೇಗೆ ತೊಳೆಯುತ್ತೀರಿ?

ಕೇಳಿದವರು, ಮೈಸೂರು:
ಮನೆಯಲ್ಲಿ ಒಂದೂವರೆ ಲೀಟರಿನ ಸಣ್ಣ ಐಸ್‌ಕ್ರೀಮ್ ಮೆಷಿನ್ ಇದೆ. ಬೌಲನ್ನು ಮೊದಲೇ ಫ್ರೀಜರ್‌ನಲ್ಲಿ ಇಟ್ಟಿರಬೇಕು, ಮೋಟರ್ ಮುಚ್ಚಳದ ಮೇಲೆ ಕೂರುತ್ತದೆ, ಆ ಥರದ್ದು. ಐದಾರು ಸಲ ಮಾಡಿದ್ದೇನೆ. ಪ್ರತಿ ಸಲ ಸೋಪು ಹಾಕಿ ತೊಳೆದರೂ ಹುಳಿ ವಾಸನೆ ಹೋಗುತ್ತಿಲ್ಲ. ಹೋದ ವಾರ ಮಾವಿನಹಣ್ಣಿನದು ಮಾಡಿದೆ. ನಲವತ್ತು ನಿಮಿಷ ತಿರುಗಿದರೂ ಸೀಕರಣೆ ಥರಾನೇ ಇತ್ತು. ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಶಿವಮೊಗ್ಗದಿಂದ:
ನಮ್ಮ ಮನೆಯಲ್ಲೂ ಇಂಥದ್ದೇ ಇದೆ, ಆರು ವರ್ಷವಾಯಿತು. ಬೇಸಿಗೆಯಲ್ಲಿ ವಾರಕ್ಕೊಂದು ಸಲವಾದರೂ ಮಾಡುತ್ತೇವೆ. ಮೊದಲ ವರ್ಷ ನನಗೂ ಇದೇ ವಾಸನೆ ಕಾಟ ಕೊಟ್ಟಿತ್ತು. ಬೌಲ್ ತಿಕ್ಕಿ ತಿಕ್ಕಿ ಸಾಕಾಯಿತು. ಆಮೇಲೆ ಗೊತ್ತಾಯಿತು, ವಾಸನೆ ಬೌಲಿನದಲ್ಲ, ಒಳಗೆ ಹಾಲು ಕಲಕುವ ಪ್ಯಾಡಲ್‌ನದು.

ಪ್ಯಾಡಲ್‌ನ ತಲೆಯಲ್ಲಿ ಮೋಟರಿನ ಕಡ್ಡಿ ಕೂರುವ ತೂತು ಇದೆಯಲ್ಲ, ಅದನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಒಳಗೆ ಹಳದಿ ಬಣ್ಣದ ಒಂದು ಸುತ್ತು ಕಾಣಬಹುದು. ಒಣಗಿದ ಕೆನೆ ಅದು. ನಾನು ಟೂತ್‌ಪಿಕ್ ಹಾಕಿ ಕೆರೆದಾಗ ಸುರುಳಿ ಸುರುಳಿಯಾಗಿ ಬಂತು, ಮೂಗಿನ ಹತ್ತಿರ ಹಿಡಿಯೋಕೆ ಆಗಲಿಲ್ಲ. ಮುಚ್ಚಳದ ಅಡಿಭಾಗದ ಅಂಚಿನಲ್ಲೂ ಹೀಗೇ ಸೇರಿಕೊಂಡಿರುತ್ತದೆ. ಇವೆರಡನ್ನೂ ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಹತ್ತು ನಿಮಿಷ ನೆನೆಸಿ. ಕೆನೆಯ ಜಿಡ್ಡು ತಣ್ಣೀರಿಗೆ ಬಿಡುವುದಿಲ್ಲ. ಹಳೇ ಟೂತ್‌ಬ್ರಷ್‌ನಲ್ಲಿ ತೂತಿನ ಒಳಗೆಲ್ಲ ಉಜ್ಜಿ. ಆಮೇಲೂ ವಾಸನೆ ಇದ್ದರೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ಅದರಲ್ಲೇ ಬಿಡಿ. ಈ ಸೋಡಾ ನೀರು ಪ್ಲಾಸ್ಟಿಕ್ ಭಾಗಗಳಿಗೆ ಮಾತ್ರ. ಬೌಲಿನ ಒಳಗೋಡೆ ಅಲ್ಯೂಮಿನಿಯಂ ಆಗಿದ್ದರೆ ಸೋಡಾ ತಾಗಿ ಕಪ್ಪಾಗುತ್ತದೆ.

ಬೌಲ್ ವಿಷಯದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೆ. ಐಸ್‌ಕ್ರೀಮ್ ತೆಗೆದ ಕೂಡಲೇ ಬಿಸಿನೀರು ಹುಯ್ದೆ. ಟಕ್ ಅಂತ ಸದ್ದು ಬಂತು. ಆಗ ಏನೂ ಕಾಣಲಿಲ್ಲ. ಮುಂದಿನ ಸಲ ಫ್ರೀಜರ್‌ನಿಂದ ತೆಗೆದಿಟ್ಟಾಗ ತಳದಲ್ಲಿ ನೀಲಿ ನೀರು ಜಿನುಗುತ್ತಿತ್ತು. ಬೌಲಿಗೆ ಎರಡು ಗೋಡೆ, ನಡುವೆ ಹೆಪ್ಪುಗಟ್ಟುವ ದ್ರವ ಇರುತ್ತದೆ. ಅದು ಸೋರಿದರೆ ಬೌಲ್ ಮುಗಿಯಿತು, ಅಂಟು ಹಾಕಿ ಬಳಸಲು ಹೋಗಬೇಡಿ. ಈಗ ನಾನು ಎರಡು ಮೂರು ಗಂಟೆ ಹಾಗೇ ಬಿಡುತ್ತೇನೆ. ಪೂರ್ತಿ ಬೆಚ್ಚಗಾದ ಮೇಲೆ ಮೆತ್ತನೆ ಸ್ಪಂಜಿನಲ್ಲಿ ತೊಳೆಯುತ್ತೇನೆ. ಡಿಶ್‌ವಾಷರ್‌ಗೆ ಹಾಕುವುದಿಲ್ಲ, ಸ್ಟೀಲ್ ನಾರು ಮುಟ್ಟಿಸುವುದಿಲ್ಲ. ಗೋಡೆಗೆ ಅಂಟಿದ ಐಸ್‌ಕ್ರೀಮ್ ತೆಗೆಯಲು ಮರದ ಸೌಟು ಸಾಕು. ಸ್ಟೀಲ್ ಚಮಚದಲ್ಲಿ ಕೆರೆದರೆ ಗೀರು ಬೀಳುತ್ತದೆ, ಆ ಗೀರಿನಲ್ಲಿ ಹಾಲು ಕೂರುತ್ತದೆ.

ಆದರೆ ಎಷ್ಟೇ ಹೊತ್ತಾದರೂ ತೊಳೆಯುವುದನ್ನು ಬೆಳಗ್ಗೆಗೆ ಬಿಡಬೇಡಿ. ಹೇಗಿದ್ದರೂ ಫ್ರೀಜರ್‌ಗೆ ಹೋಗುತ್ತದೆ, ಕ್ರಿಮಿ ಸಾಯುತ್ತವೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೆ ಸಾಯುವುದಿಲ್ಲ. ಚಳಿಗೆ ಸುಮ್ಮನೆ ಕೂತಿರುತ್ತವೆ, ಬೆಚ್ಚಗಾದಾಗ ಮತ್ತೆ ಬೆಳೆಯುತ್ತವೆ. ಮಕ್ಕಳು ತಿನ್ನುವ ವಸ್ತು ಅಲ್ವಾ, ಇದರಲ್ಲಿ ರಾಜಿ ಬೇಡ.

ಗಟ್ಟಿಯಾಗದ್ದಕ್ಕೂ ತೊಳೆಯುವುದಕ್ಕೂ ನಂಟಿದೆ. ಒದ್ದೆ ಬೌಲನ್ನೇ ಫ್ರೀಜರ್‌ಗೆ ಇಟ್ಟಿದ್ದಿರಾ? ಒಳಗಿನ ಹನಿಗಳು ಗೋಡೆಯ ಮೇಲೆ ಮಂಜಿನ ಪದರ ಆಗುತ್ತವೆ. ಆಗ ಚಳಿ ಹಾಲಿಗೆ ಸರಿಯಾಗಿ ತಲುಪುವುದಿಲ್ಲ. ನಾನು ಹಳೇ ಕಾಟನ್ ಪಂಚೆಯ ತುಂಡಿನಲ್ಲಿ ಒರೆಸಿ, ಅರ್ಧ ದಿನ ಬೋರಲು ಹಾಕಿ, ಪ್ಲಾಸ್ಟಿಕ್ ಕವರ್ ಸುತ್ತಿ ಇಡುತ್ತೇನೆ. ಮೈನಸ್ 18 ಡಿಗ್ರಿಯಲ್ಲಿ 16ರಿಂದ 24 ಗಂಟೆ ಬೇಕು. ತೆಗೆದ ಮೇಲೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಗುಳುಗುಳು ಅಂದರೆ ಇನ್ನೂ ಗಟ್ಟಿಯಾಗಿಲ್ಲ ಅಂತ ಅರ್ಥ. ಕರೆಂಟ್ ಹೋಗಿ ಬಂದ ದಿನ ಇದನ್ನು ಮರೆಯದೆ ನೋಡಿ. ಮಾವಿನ ರಸ, ಹಾಲು ಕೂಡ ರಾತ್ರಿಯೇ ಫ್ರಿಜ್‌ನಲ್ಲಿರಲಿ. ಮೊದಲು ಮೋಟರ್ ಆನ್ ಮಾಡಿ, ಆಮೇಲೆ ಹುಯ್ಯಿರಿ. ಇಲ್ಲದಿದ್ದರೆ ಗೋಡೆಗೆ ಕಚ್ಚಿಕೊಂಡು ಪ್ಯಾಡಲ್ ಸಿಕ್ಕಿಹಾಕಿಕೊಳ್ಳುತ್ತದೆ.

ಮೋಟರನ್ನು ನೀರಿಗೆ ಹಿಡಿಯಬೇಡಿ. ಪ್ಲಗ್ ತೆಗೆದು, ಹಿಂಡಿದ ಬಟ್ಟೆಯಲ್ಲಿ ಒರೆಸಿ. ಒಂದು ಹನಿ ಸಿಹಿ ಉಳಿದರೂ ಇರುವೆ ಒಳಗೆ ಸೇರುತ್ತವೆ.

ಪುತ್ತೂರಿನಿಂದ:
ನಮ್ಮದು ಕೈಯಲ್ಲಿ ತಿರುಗಿಸುವ ಮರದ ಬಕೆಟ್, ಅತ್ತೆಯವರ ಕಾಲದ್ದು. ನಡುವೆ ಹಾಲಿನ ಡಬ್ಬಿ ಇಟ್ಟು, ಸುತ್ತಲಿನ ಐಸಿಗೆ ಕಲ್ಲುಪ್ಪು ಹಾಕಿ ಮಾಡುವುದು. ಇದರ ಶತ್ರು ಹಾಲಲ್ಲ, ಉಪ್ಪುನೀರು. ಡಬ್ಬಿ ತೆರೆಯುವ ಮೊದಲು ಮುಚ್ಚಳದ ಸುತ್ತ ಚೆನ್ನಾಗಿ ಒರೆಸಬೇಕು, ಇಲ್ಲದಿದ್ದರೆ ಒಂದು ಹನಿ ಒಳಗೆ ಬಿದ್ದರೂ ಐಸ್‌ಕ್ರೀಮ್ ಉಪ್ಪಾಗುತ್ತದೆ. ಕೆಲಸ ಮುಗಿದ ಮೇಲೆ ಬಕೆಟ್ಟನ್ನೂ ಹಿಡಿಯ ಹಲ್ಲುಚಕ್ರವನ್ನೂ ಸಿಹಿನೀರಲ್ಲಿ ಎರಡು ಮೂರು ಸಲ ತೊಳೆಯಿರಿ, ಉಪ್ಪು ಉಳಿದರೆ ತುಕ್ಕು ಹಿಡಿಯುತ್ತದೆ. ಚಕ್ರಕ್ಕೆ ಹೊಲಿಗೆ ಮೆಷಿನ್ ಎಣ್ಣೆ ಬಿಡಬೇಡಿ, ಚಕ್ರ ಹಾಲಿನ ಡಬ್ಬಿಯ ಮೇಲೆಯೇ ಇರುವುದು. ಮರವನ್ನು ನೆರಳಲ್ಲೇ ಒಣಗಿಸಿ. ಬಿಸಿಲಿಗೆ ಹಲಗೆ ಬಿರುಕು ಬಿಟ್ಟು ಸೋರುತ್ತದೆ. ಬಳಸುವ ಹಿಂದಿನ ದಿನ ನೀರು ತುಂಬಿಟ್ಟರೆ ಹಲಗೆ ಉಬ್ಬಿ ಮತ್ತೆ ಕೂಡಿಕೊಳ್ಳುತ್ತದೆ. ಆ ಉಪ್ಪುನೀರನ್ನು ಗಿಡಕ್ಕೆ ಹಾಕಬೇಡಿ, ನಮ್ಮ ಕರಿಬೇವು ಹಾಗೇ ಸತ್ತಿತು.

ಹಾಂ, ಹಲಸಿನಹಣ್ಣಿನದು ಮಾಡುವವರು ಮುಚ್ಚಳದಲ್ಲಿ ರಬ್ಬರ್ ವಾಷರ್ ಇದ್ದರೆ ಬಿಚ್ಚಿ ಬೇರೆ ತೊಳೆಯಿರಿ. ಮುಂದಿನ ವೆನಿಲ್ಲಾದಲ್ಲೂ ಹಲಸೇ ಹೊಡೆಯುತ್ತದೆ.

ಕೇಳಿದವರು, ಮೈಸೂರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಶಿವಮೊಗ್ಗದವರು ಹೇಳಿದ ಹಾಗೆ ಪ್ಯಾಡಲ್ ತೂತಿಗೆ ಟೂತ್‌ಪಿಕ್ ಹಾಕಿದೆ. ಹಳದಿ ಅಲ್ಲ, ಕಂದು ಬಣ್ಣಕ್ಕೆ ತಿರುಗಿತ್ತು! ಬೌಲ್ ಅಲ್ಲಾಡಿಸಿದರೆ ಗುಳುಗುಳು ಅಂತು. ಎರಡು ದಿನದಿಂದ ಫ್ರೀಜರ್‌ನಲ್ಲೇ ಇತ್ತು, ಆದರೆ ಬಾಗಿಲ ಹತ್ತಿರ ಇಟ್ಟಿದ್ದೆ. ಈಗ ಪ್ಯಾಡಲ್, ಮುಚ್ಚಳ ಸೋಡಾ ನೀರಿನಲ್ಲಿವೆ. ಬೌಲ್ ಒರೆಸಿ ಬೋರಲು ಹಾಕಿದ್ದೇನೆ. ಸಂಜೆ ಫ್ರೀಜರ್‌ನ ಹಿಂಬದಿಗೆ ಜಾಗ ಮಾಡಿ ಇಡುತ್ತೇನೆ. ಭಾನುವಾರ ಸಪೋಟ ಮಾಡಿ ನೋಡಿ ಹೇಳುತ್ತೇನೆ.